ಬೋರವ್ವನ ಕಸಬರಿಗೆ ಮತ್ತು ಮರೆಗುಳಿ ಯಂತ್ರ

ಇಳಕಲ್ಲಿನ ನೇಕಾರರ ಸಂಘದ ಕಚೇರಿಯಲ್ಲಿ ಹದಿನಾಲ್ಕು ವರ್ಷ ಕಸ ಹೊಡೆದಿದ್ದ ಬೋರವ್ವನಿಗೆ ಎರಡು ಚಟಗಳಿದ್ದವು. ಒಂದು ಎಲೆ ಅಡಿಕೆ, ಇನ್ನೊಂದು ಎಣಿಸುವುದು. ಎಲೆ ಅಡಿಕೆ ಬಿಡು ಎಂದು ಹೇಳಿದವರು ಬಹಳ ಜನ. ಎಣಿಸುವ ಚಟ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಏಕೆಂದರೆ ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಕಚೇರಿಯ ಮೆಟ್ಟಿಲು ಹನ್ನೊಂದು. ಗೋದಾಮಿನ ಜಂತಿ ಇಪ್ಪತ್ತೆರಡು. ಕಾರ್ಯದರ್ಶಿ ಈರಪ್ಪನವರು ಒಂದು ಬಸಿ ಚಹಾ ಮುಗಿಸಲು ಸೊರ್ ಎಂದು ಎಳೆಯುವುದು ಒಂಬತ್ತು ಸಲ. ಸಿಟ್ಟಿನಲ್ಲಿದ್ದರೆ ಆರೇ ಸಲ. ಹೀಗಾಗಿ ಸಾಹೇಬರ ಮನಸ್ಸು ಆ ದಿನ ಹೇಗಿದೆ ಎಂಬುದು ಕಚೇರಿಯಲ್ಲಿ ಎಲ್ಲರಿಗಿಂತ ಮೊದಲು ಬೋರವ್ವನಿಗೆ ಗೊತ್ತಾಗುತ್ತಿತ್ತು.

ಈ ಎಣಿಕೆ ತವರಿನಿಂದ ಬಂದದ್ದು. ಬೇವೂರಿನ ಕುರುಬರ ಕನಕಪ್ಪನ ನಾಲ್ಕು ಹೆಣ್ಣುಮಕ್ಕಳಲ್ಲಿ ಅವಳೇ ಕೊನೆಯವಳು. ಸಂಜೆ ಹಿಂಡು ಹಟ್ಟಿಗೆ ಬರುವ ಹೊತ್ತಿಗೆ ಬೇಲಿಯ ಕಿಂಡಿಯ ಪಕ್ಕ ನಿಂತು ಕುರಿ ಎಣಿಸುವ ಕೆಲಸ ಆರು ವರ್ಷದ ಹುಡುಗಿಯ ಪಾಲಿಗೆ ಬಂತು. ಶಾಲೆಯ ಮೆಟ್ಟಿಲು ಅವಳು ಹತ್ತಲಿಲ್ಲ, ಒಂದಕ್ಷರವೂ ಕಲಿಯಲಿಲ್ಲ. ಆದರೆ ಇನ್ನೂರು ಕುರಿ ಒಂದರ ಮೇಲೊಂದು ಬಿದ್ದು ನುಗ್ಗಿದರೂ ಅವಳ ಲೆಕ್ಕ ತಪ್ಪುತ್ತಿರಲಿಲ್ಲ. ಧೂಳೆದ್ದು ಕಣ್ಣು ಕಾಣದಿದ್ದರೆ ಗೊರಸಿನ ಸಪ್ಪಳ ಕೇಳಿಯೇ ಎಣಿಸಿ ಹೇಳುತ್ತಿದ್ದಳು. ಅಪ್ಪ ಒಂದು ದಿನವೂ ಎರಡನೇ ಸಲ ಎಣಿಸಲಿಲ್ಲ. ತನ್ನನ್ನು ಯಾರೋ ಪೂರ್ತಿ ನಂಬುತ್ತಾರೆ ಎನ್ನುವ ಸುಖವನ್ನು ಬೋರವ್ವ ಅಲ್ಲಿ ಕಂಡಿದ್ದಳು, ಆಮೇಲೆ ಬಹಳ ವರ್ಷ ಕಾಣಲಿಲ್ಲ.

ಮದುವೆಯಾಗಿ ಇಳಕಲ್ಲಿಗೆ ಬಂದಳು. ಗಂಡ ಮುದಕಪ್ಪ ನೂಲಿಗೆ ಬಣ್ಣ ಹಾಕುವವನು. ಮೊಣಕೈವರೆಗೂ ಕೆಂಪಾಗಿರುತ್ತಿದ್ದ ಆ ಮನುಷ್ಯ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಹತ್ತೇ ಎಂದು ಬೋರವ್ವ ಎಣಿಸಿ ನೋಡಿದ್ದಳು. ಎಪ್ಪತ್ಮೂರರಲ್ಲಿ ಸಂಘದ ಕಚೇರಿಯಲ್ಲಿ ಕಸ ಹೊಡೆಯುವ ಕೆಲಸ ಸಿಕ್ಕಿತು. ತನ್ನ ಕಸಬರಿಗೆಯನ್ನು ಅವಳೇ ಕಟ್ಟಿಕೊಳ್ಳುತ್ತಿದ್ದಳು, ಅಂಗಡಿಯದು ಆಗುತ್ತಿರಲಿಲ್ಲ. ಅಮಾವಾಸ್ಯೆಗೆ ಇಳಕಲ್ಲಿನ ಮಗ್ಗಗಳು ನಿಲ್ಲುತ್ತವೆ, ಸಂಘಕ್ಕೂ ಅಂದು ರಜೆ. ಅದರ ಹಿಂದಿನ ದಿನ ಇಡೀ ಕಚೇರಿಯನ್ನು ಜಾಡಿಸಿ, ಗುಡಿಸಿ, ಒರೆಸಿ, ಗೋಡೆಯ ಮೂಲೆಯ ಜೇಡನಿಗೂ ನೋಟೀಸು ಕೊಟ್ಟು ಹೋಗುವುದು ಅವಳ ಪದ್ಧತಿ. ಹಬ್ಬದ ಮನೆಗಿಂತ ನಮ್ಮ ಕಚೇರಿ ಸ್ವಚ್ಛ ಎಂದು ಈರಪ್ಪನವರೂ ಹೊರಗಿನವರ ಮುಂದೆ ಹೇಳಿಕೊಳ್ಳುತ್ತಿದ್ದರು. ಮುಂದೆ ಅವಳ ಕುತ್ತಿಗೆಗೆ ಬಂದದ್ದೂ ಇದೇ ಪದ್ಧತಿ.

ಎಂಬತ್ತೇಳರ ಶಿವರಾತ್ರಿ ಕಳೆದ ವಾರ ಸಂಘಕ್ಕೆ ಕಂಪ್ಯೂಟರ್ ಬಂತು. ಹುನಗುಂದ ತಾಲ್ಲೂಕಿನಲ್ಲಿ ಅಂಥದ್ದು ಎಷ್ಟಿದ್ದವೋ ಗೊತ್ತಿಲ್ಲ, ಈರಪ್ಪನವರಂತೂ ಇದೊಂದೇ ಎಂದು ನಂಬಿದ್ದರು. ಜೀಪಿನಿಂದ ಇಳಿಸುವಾಗ ತೆಂಗಿನಕಾಯಿ ಒಡೆಸಿದರು. ಹಸಿರು ಅಕ್ಷರ ಮೂಡುವ ಪರದೆಗೂ ಅದರ ಕೆಳಗಿನ ಪೆಟ್ಟಿಗೆಗೂ ಕೆಂಪು ದಡಿಯ ಇಳಕಲ್ ಸೀರೆಯಲ್ಲಿ ಗವುಸು ಹೊಲಿಸಿದರು. ಸಂಘದ ಸದಸ್ಯರೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿ, ಕೆಲವರು ಕೈ ಮುಗಿದೂ ಹೋದರು. ಯಂತ್ರ ನಡೆಸಲು ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಲಿತು ಬಂದಿದ್ದ ಅಬೇದಾಳನ್ನು ನೇಮಿಸಿದರು. ಇಳಕಲ್ಲಿನದೇ ಹುಡುಗಿ, ಇಪ್ಪತ್ತೆರಡು ವರ್ಷ. ಬೆಳಿಗ್ಗೆ ಒಂಬತ್ತಕ್ಕೆ ಬಂದು, ಬೋರವ್ವನ ಎಲೆ ಚೀಲದಿಂದ ಒಂದು ಅಡಿಕೆ ಚೂರು ಕದ್ದು ಬಾಯಿಗೆ ಹಾಕಿಕೊಂಡೇ ಕೆಲಸಕ್ಕೆ ಕೂರುವವಳು.

ಯುಗಾದಿ ಅಮಾವಾಸ್ಯೆ ಬಂತು. ಹಿಂದಿನ ದಿನ ಬೋರವ್ವ ಯಂತ್ರದ ಕೋಣೆಯನ್ನೂ ಕನ್ನಡಿಯಂತೆ ಮಾಡಿ ಹೋದಳು. ಅಮಾವಾಸ್ಯೆ, ಪಾಡ್ಯ ಎರಡೂ ದಿನ ರಜೆ. ಮೂರನೇ ದಿನ ಅಬೇದಾ ಯಂತ್ರ ಹಚ್ಚಿದರೆ ಅದು ಕೀಂ ಎಂದು ಕೂಗಿ, ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷು ಬರೆದು ಸುಮ್ಮನಾಯಿತು. ತನ್ನೊಳಗೆ ಲೆಕ್ಕ ತುಂಬಿಟ್ಟ ತಟ್ಟೆಯೊಂದು ಇದೆ ಎಂಬುದನ್ನೇ ಮರೆತಿತ್ತು. ತಾರೀಖು ಕೇಳಿದರೆ ಸಾವಿರದ ಒಂಬೈನೂರ ಎಂಬತ್ತನೆಯ ಇಸವಿ ಜನವರಿ ಒಂದು ಎಂದಿತು. ಎಂಬತ್ತರಲ್ಲಿ ಈರಪ್ಪನವರು ಇನ್ನೂ ಇದೇ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಂದರೆ ಯಂತ್ರದ ಲೆಕ್ಕದಲ್ಲಿ ಸಾಹೇಬರ ಬಡ್ತಿಯೂ ರದ್ದಾಯಿತಲ್ಲ ಎಂದು ಬೋರವ್ವ ಅಬೇದಾಳ ಕಿವಿಯಲ್ಲಿ ಹೇಳಿದಳು. ಆ ಹುಡುಗಿ ಅಳುವ ಹೊತ್ತಿನಲ್ಲಿ ನಕ್ಕುಬಿಟ್ಟಳು.

ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹೋಯಿತು. ಯಂತ್ರ ಮಾರಿದವರ ಕಡೆಯಿಂದ ಸಂಗಯ್ಯ ಎಂಬ ಇಂಜಿನಿಯರ್ ಬಂದ. ಬಿಳಿ ಪ್ಯಾಂಟು, ತೋಳಿನಡಿ ಚರ್ಮದ ಚೀಲ. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಕಾಲು ಗಂಟೆಯಲ್ಲಿ ಯಂತ್ರವನ್ನು ಎಬ್ಬಿಸಿದ. ಕಾರಣ ಕೇಳಿದರೆ, ಈ ಕೋಣೆಗೆ ಕಸ ಯಾವಾಗ ಹೊಡೆದಿರಿ ಎಂದ. ಅಮಾವಾಸ್ಯೆಯ ಹಿಂದಿನ ದಿನ ಎಂದು ಈರಪ್ಪನವರೇ ಹೇಳಿದರು. ನೋಡಿರಿ, ಧೂಳು ಎದ್ದು ಒಳಗೆ ಹೋಗಿದೆ, ಅದಕ್ಕೇ ನೆನಪು ಹಾರಿದೆ ಎಂದ ಸಂಗಯ್ಯ. ಆಮೇಲೆ ಈರಪ್ಪನವರ ಮನೆಯಲ್ಲಿ ಹೋಳಿಗೆ ಉಂಡು, ಸಂಘದ ಜೀಪಿನಲ್ಲಿ ಬಾದಾಮಿಯ ಗುಹೆಗಳನ್ನು ನೋಡಿಕೊಂಡು ಹುಬ್ಬಳ್ಳಿಗೆ ಹೋದ. ಬೋರವ್ವನ ಕಸಬರಿಗೆ ಅಂದಿನಿಂದ ಆ ಕೋಣೆಯ ಹೊಸ್ತಿಲು ದಾಟಬಾರದೆಂದು ಅಪ್ಪಣೆಯಾಯಿತು.

ಮುಂದಿನ ಅಮಾವಾಸ್ಯೆಯ ಮಗ್ಗುಲಲ್ಲೇ ಭಾನುವಾರವಿತ್ತು. ಎರಡು ದಿನ ಮುಚ್ಚಿ ತೆಗೆದರೆ ಯಂತ್ರ ಮತ್ತೆ ಎಂಬತ್ತನೇ ಇಸವಿಗೆ ಹೋಗಿ ಕೂತಿತ್ತು. ಸಂಗಯ್ಯ ಈ ಸಲ ಹೆಂಡತಿ ಮಕ್ಕಳನ್ನು ಕರೆದುಕೊಂಡೇ ಬಂದ. ಪಟ್ಟದಕಲ್ಲು ಅವರು ನೋಡಿರಲಿಲ್ಲವಂತೆ. ಕೋಣೆಯ ಬಾಗಿಲಲ್ಲಿ ಬಗ್ಗಿ ನೆಲಕ್ಕೆ ಬೆರಳು ಒತ್ತಿ ನೋಡಿ, ಪಡಸಾಲೆ ಗುಡಿಸಿದ ಧೂಳು ಬಾಗಿಲ ಸಂದಿಯಿಂದ ಒಳಗೆ ಹೋಗಿದೆ ಎಂದು ತೀರ್ಪು ಕೊಟ್ಟು ಬಾಗಿಲು ಹಾಕಿಕೊಂಡ. ಈರಪ್ಪನವರ ಬಸಿ ಆ ದಿನ ಆರೇ ಗುಟುಕಿಗೆ ಬರಿದಾಯಿತು. ಅವರು ಬೋರವ್ವನನ್ನು ಎಲ್ಲರ ಎದುರಿಗೇ ನಿಲ್ಲಿಸಿಕೊಂಡರು.

"ಬೋರವ್ವಾ, ಇನ್ನೊಂದ ಸಲ ಯಂತ್ರ ಮರೀತಂದ್ರ ನೀ ಮನಿಗೆ ಹೋಗೂದ. ಮುಂದ ಮಾತಿಲ್ಲ."

ಬೋರವ್ವನಿಗೆ ಕಣ್ಣಲ್ಲಿ ನೀರು ಬರಲಿಲ್ಲ, ಕಿವಿ ಬಿಸಿಯಾದವು. ಹದಿನಾಲ್ಕು ವರ್ಷದ ಕಸಬರಿಗೆಗೆ ಕೊಳಕು ಎನ್ನುವ ಹೆಸರು ಬಂತಲ್ಲ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು, ಕಸ ಹೊಡೆಯಲು ಬಾರದವಳು ಎಂಬ ಹೆಸರು ಹೊತ್ತುಕೊಂಡು ಯಾರ ಮನೆ ಬಾಗಿಲಿಗೆ ಹೋಗುವುದು? ಅವಳು ಆ ಮುಚ್ಚಿದ ಬಾಗಿಲಿಗೇ ಬೆನ್ನು ಕೊಟ್ಟು ನಿಂತುಬಿಟ್ಟಳು. ಸಿಟ್ಟು ಬಂದಾಗ ಮನಸ್ಸು ಏನಾದರೂ ಎಣಿಸಲು ಹುಡುಕುತ್ತದೆ. ಒಳಗೆ ಸಂಗಯ್ಯ ಕಟಕಟ ಎನ್ನಿಸುತ್ತಿದ್ದ. ಎಣಿಸಿದಳು.

ಸಂಗಯ್ಯ ಪಟ್ಟದಕಲ್ಲಿಗೆ ಹೋದ ಮೇಲೆ ಅಬೇದಾ ಅವಳನ್ನು ಸಮಾಧಾನ ಮಾಡಲು ಹಿತ್ತಲಿಗೆ ಬಂದಳು. ಈ ಯಂತ್ರಕ್ಕೆ ಒಳಗೆ ಅಂಥದ್ದು ಏನಾಗುತ್ತದೆ, ನನಗೆ ತಿಳಿಯುವ ಹಾಗೆ ಹೇಳು ಎಂದು ಬೋರವ್ವ ಹಿಡಿದು ಕೂರಿಸಿದಳು. ಅಬೇದಾ ಹುಬ್ಬಳ್ಳಿಯ ನೋಟ್‌ಬುಕ್ಕು ತಂದು ಹೇಳಿದಳು. ಪೆಟ್ಟಿಗೆಯೊಳಗೆ ಹಸಿರು ಬಣ್ಣದ ದೊಡ್ಡ ಹಲಗೆ ಇದೆ, ಅದಕ್ಕೆ ಮದರ್‌ಬೋರ್ಡ್ ಎನ್ನುತ್ತಾರೆ, ಎಲ್ಲದಕ್ಕೂ ಅದೇ ತಾಯಿ. ಆ ಹಲಗೆಯ ಮೇಲೆ ಬಯಾಸ್ ಎಂಬ ಒಂದು ಕಾಯಂ ಬುದ್ಧಿ ಕೂತಿದೆ. ಬೆಳಿಗ್ಗೆ ಎದ್ದ ಕೂಡಲೇ ಅದು ತಾರೀಖು ಏನು, ಹೊತ್ತು ಎಷ್ಟು, ಲೆಕ್ಕದ ತಟ್ಟೆ, ಅಂದರೆ ಹಾರ್ಡ್ ಡಿಸ್ಕ್, ಯಾವ ನಂಬರಿನದು ಎಂದು ನೋಡಿಕೊಳ್ಳುತ್ತದೆ. ನಾವು ತುಂಬಿಕೊಟ್ಟ ಆ ಉತ್ತರಗಳನ್ನು ಕರೆಂಟು ಇಲ್ಲದ ಹೊತ್ತಿನಲ್ಲಿ ಕಾಯುವುದು ಒಳಗಿರುವ ಕರಿ ಡಬ್ಬಿಯ ನಾಲ್ಕು ಸೆಲ್ಲುಗಳು.

ಟಾರ್ಚಿನಲ್ಲಿ ಹಾಕುವಂಥ ಸೆಲ್ಲೇ ಎಂದು ಬೋರವ್ವ ಕೇಳಿದಳು. ಅದಕ್ಕಿಂತ ಸಣ್ಣವು, ಜಾತಿ ಅದೇ ಎಂದಳು ಅಬೇದಾ. ಹಾಗಾದರೆ ಸೆಲ್ಲು ಸತ್ತಿವೆ, ಇದರಲ್ಲಿ ಕಸಬರಿಗೆಯ ಮಾತು ಎಲ್ಲಿಂದ ಬಂತು ಎಂದಳು ಬೋರವ್ವ. ಅಬೇದಾಳಿಗೂ ಅದೇ ಗುಮಾನಿ ಇತ್ತು. ಆದರೆ ಪೆಟ್ಟಿಗೆಯ ತಿರುಪಿನ ಮೇಲೆ ಸಂಗಯ್ಯ ಕಾಗದದ ಮುದ್ರೆ ಅಂಟಿಸಿದ್ದ. ಅದು ಹರಿದರೆ ಯಂತ್ರಕ್ಕೆ ತಾವು ಜವಾಬ್ದಾರರಲ್ಲ ಎಂದು ಬರೆದುಕೊಟ್ಟಿದ್ದ. ನಿನ್ನೆ ಮೊನ್ನೆ ಬಂದ ಹುಡುಗಿಯ ಮಾತು ಕೇಳಿ ಈರಪ್ಪನವರು ಮುದ್ರೆ ಹರಿಯುತ್ತಾರೆಯೇ? ಯಂತ್ರವನ್ನು ತಾನೇ ಎಬ್ಬಿಸೋಣವೆಂದರೆ ತಟ್ಟೆಯ ನಂಬರು ಸಂಗಯ್ಯನೊಬ್ಬನಿಗೇ ಗೊತ್ತು. ನಲವತ್ತಕ್ಕೂ ಹೆಚ್ಚು ನಂಬರುಗಳಿವೆ, ತಪ್ಪು ನಂಬರು ಕೊಟ್ಟರೆ ಲೆಕ್ಕವೆಲ್ಲ ಅಳಿಸಿಹೋಗುತ್ತದೆ ಎಂದು ಅವನು ಹೆದರಿಸಿಯೂ ಹೋಗಿದ್ದ.

ನಂಬರನ್ನು ಹೇಗೆ ಕೊಡುತ್ತಾರೆ ಎಂದು ಬೋರವ್ವ ಕೇಳಿದಳು. ಕೀಬೋರ್ಡಿನ ಬಲಗಡೆ ಆರು ಬಟನ್ನುಗಳ ಒಂದು ಗುಂಪಿದೆ, ಅದರ ಮೇಲಿನ ಸಾಲಿನ ಕೊನೆಯದನ್ನು ಒತ್ತಿದಷ್ಟು ಸಲ ನಂಬರು ಒಂದೊಂದೇ ಏರುತ್ತದೆ ಎಂದಳು ಅಬೇದಾ. ಬೋರವ್ವ ಬಾಯಲ್ಲಿದ್ದ ಎಲೆಯನ್ನು ಇನ್ನೊಂದು ದವಡೆಗೆ ತಳ್ಳಿದಳು. ಮೊದಲು ನಾಲ್ಕಾರು ತರದ ಸಪ್ಪಳ ಬಂದವು, ಆಮೇಲೆ ಒಂದೇ ಬಟನ್ನಿನ ಮೇಲೆ ಹದಿನಾರು ಸಲ ಎಂದಳು. ಅಬೇದಾಳಿಗೆ ಅವಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು, ಎಲೆಯ ರಸ ಬಟ್ಟೆಗೆ ತಾಗೀತೆಂದು ಬಿಟ್ಟಳು.

ಮುಂದಿನ ಅಮಾವಾಸ್ಯೆ ಕಳೆಯಿತು. ಯಂತ್ರ ಮರೆತಿತ್ತು. ಈರಪ್ಪನವರು ಲಿಂಗಪೂಜೆ ಮುಗಿಸಿ ಕಚೇರಿಗೆ ಬರುವುದು ಹತ್ತೂವರೆಗೆ. ಅಷ್ಟರೊಳಗೆ ಯಂತ್ರ ಏಳದಿದ್ದರೆ ಬೋರವ್ವನ ಕೆಲಸ ಮುಗಿದಂತೆ. ಅಬೇದಾ ತಾರೀಖು ತುಂಬಿದಳು, ಹೊತ್ತು ತುಂಬಿದಳು, ಬಿಸ್ಮಿಲ್ಲಾ ಎಂದು ಬಟನ್ನನ್ನು ಹದಿನಾರು ಸಲ ಒತ್ತಿ, ಬರೆದದ್ದನ್ನು ಕಾಯಂ ಮಾಡಿದಳು. ಯಂತ್ರ ಕರ್ ಎಂದು ಏನೋ ಕೆರೆದುಕೊಂಡು, ಪರದೆಯ ಮೇಲೆ ಒಂದು ಸಾಲು ಬೈದು, ಅಲ್ಲೇ ನಿಂತಿತು. ಲೆಕ್ಕವೆಲ್ಲ ಅಳಿಸಿಹೋಯಿತು ಎಂದು ಅಬೇದಾ ತಲೆಯ ಮೇಲೆ ಕೈ ಹೊತ್ತಳು. ಗೋಡೆ ಗಡಿಯಾರದಲ್ಲಿ ಆಗ ಹತ್ತು.

"ಚಿಗವ್ವಾ, ನೀ ಎಣಿಸಿದ್ದು ಖರೆ ಏನ?"

"ಇನ್ನೂರು ಕುರಿ ಎಣಿಸಿದಾಕಿ ನಾ. ಹದಿನಾರಂದ್ರ ಹದಿನಾರ. ಸರಿ, ನಾ ಒತ್ತಿ ತೋರಸ್ತೇನಿ."

ಬೋರವ್ವ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತಳು. ಅಂಥ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಕುರ್ಚಿ ತಾನಾಗಿಯೇ ತಿರುಗಿತು, ಒಂದು ಗಳಿಗೆ ಗೋಡೆಗೆ ಮುಖ ಮಾಡಿ ಕೂತು, ಕಾಲೊತ್ತಿ ಹೇಗೋ ಮತ್ತೆ ಪರದೆಯ ಕಡೆ ಬಂದಳು. ಅಬೇದಾ ನಂಬರನ್ನು ಸೊನ್ನೆಗೆ ತಂದು ನಿಲ್ಲಿಸಿದಳು. ಬೋರವ್ವ ಬಟನ್ನು ಒತ್ತುತ್ತ, ಅಂದು ಬಾಗಿಲ ಹೊರಗೆ ಮನಸ್ಸಿನಲ್ಲಿ ಎಣಿಸಿದ್ದನ್ನೇ ಈಗ ಬಾಯಿಬಿಟ್ಟು ಎಣಿಸಿದಳು. ಮೊದಲನೇ ಸಲ ಒತ್ತಿ ಲಾಭ ಎಂದಳು. ಎರಡನೇ ಸಲ ಒತ್ತಿ ಒಂದು ಎಂದಳು. ಮೂರನೇ ಸಲಕ್ಕೆ ಎರಡು.

"ಲಾಭ ಅಂದ್ರೇನ, ಚಿಗವ್ವಾ?" ಎಂದಳು ಅಬೇದಾ.

"ಅದು ಬೀರಪ್ಪಂದು. ಅದನ್ನ ಯಾರರ ಎಣಸ್ತಾರೇನ?"

ಬೇವೂರಿನ ಕನಕಪ್ಪನ ಮನೆಯ ಪದ್ಧತಿ ಹಾಗಿತ್ತು. ಕಿಂಡಿ ದಾಟುವ ಮೊದಲ ಕುರಿ ಮನೆದೇವರು ಬೀರಪ್ಪನದು, ಅದಕ್ಕೆ ಲಾಭ ಎನ್ನುವುದು, ಲೆಕ್ಕ ಶುರುವಾಗುವುದು ಅದರ ಹಿಂದಿನ ಕುರಿಯಿಂದ. ಜೋಳ ಅಳೆದರೂ ಅಷ್ಟೇ, ರೊಟ್ಟಿ ಬಡಿದರೂ ಅಷ್ಟೇ. ಹೀಗಾಗಿ ಸಂಗಯ್ಯ ಹುಬ್ಬಳ್ಳಿಯಿಂದ ಬಚ್ಚಿಟ್ಟುಕೊಂಡು ತಂದ ಗುಟ್ಟಿನ ನಂಬರಿನಲ್ಲಿ ಒಂದನ್ನು ಬೋರವ್ವ ತನಗೆ ಗೊತ್ತಿಲ್ಲದೆಯೇ ಬೀರಪ್ಪನಿಗೆ ಬಿಟ್ಟಿದ್ದಳು. ಅಬೇದಾ ಗಲ್ಲ ಹಿಡಿದುಕೊಂಡು ನಕ್ಕಳು. ಬೋರವ್ವ ಲಾಭದಿಂದ ಹದಿನಾರರವರೆಗೆ ಒತ್ತಿ ಮುಗಿಸಿದಾಗ ಪರದೆಯ ಮೇಲೆ ಹದಿನೇಳು ಎಂದಿತ್ತು. ಯಂತ್ರ ಕೆಮ್ಮಿ, ಗುರುಗುಟ್ಟಿ, ಸೀರೆಗಳ ಲೆಕ್ಕವನ್ನೆಲ್ಲ ಒಂದೂ ಬಿಡದೆ ತೆರೆದಿಟ್ಟಿತು. ಈರಪ್ಪನವರು ಮೆಟ್ಟಿಲು ಹತ್ತುವ ಹೊತ್ತಿಗೆ ಬೋರವ್ವ ಪಡಸಾಲೆಯ ಕಂಬ ಒರೆಸುತ್ತಿದ್ದಳು.

ಅಲ್ಲಿಂದ ಇಬ್ಬರ ಕಾರುಬಾರು ಶುರುವಾಯಿತು. ಪ್ರತಿ ರಜೆಯ ಮರುದಿನ ಒಂಬತ್ತಕ್ಕೆ ಅಬೇದಾ ಬಾಗಿಲು ತೆಗೆಯುವುದು, ಬೋರವ್ವ ಕುರ್ಚಿಯಲ್ಲಿ ಕೂರುವುದು. ತನ್ನ ಕೈಯಿಂದ ಒತ್ತಿದಾಗ ಅಳಿಸಿಹೋದಂತಾಗಿದ್ದರಿಂದ ಅಬೇದಾ ಆ ನಂಬರಿನ ಬಟನ್ನು ಮತ್ತೆ ಮುಟ್ಟಲಿಲ್ಲ. ಬರುಬರುತ್ತ ಎಲ್ಲವನ್ನೂ ಬೋರವ್ವನೇ ಮಾಡತೊಡಗಿದಳು. ಅಕ್ಷರ ಬಾರದಿದ್ದರೇನು, ಯಂತ್ರ ಮೊದಲು ಕೂಗಿದ ಕೂಡಲೇ ಆರರ ಗುಂಪಿನ ಕೆಳಗಿನ ಮೊದಲ ಬಟನ್ನು, ಆಮೇಲೆ ಬಾಣದ ಬಟನ್ನು ಇಷ್ಟು ಸಲ, ಏರಿಸುವ ಬಟನ್ನು ಇಷ್ಟು ಸಲ ಎಂದು ಎಲ್ಲ ಅವಳ ಬೆರಳಿಗೆ ಬಂತು. ತಾರೀಖನ್ನು ಮಾತ್ರ ಅಬೇದಾ ಹೇಳಬೇಕಿತ್ತು. ಕಾರಹುಣ್ಣಿಮೆಯ ಹೊತ್ತಿಗೆ ಒಂದು ಭಾನುವಾರದ ರಜೆ ಸಾಕಾಯಿತು ಯಂತ್ರಕ್ಕೆ ಮರೆಯಲು. ಇವರೂ ಅಷ್ಟೇ ಚುರುಕಾದರು, ಆರು ನಿಮಿಷದಲ್ಲಿ ಎಬ್ಬಿಸುತ್ತಿದ್ದರು. ಹುಬ್ಬಳ್ಳಿಯಲ್ಲಿ ಸಂಗಯ್ಯ ಐಹೊಳೆ ನೋಡುವ ಯೋಗ ಯಾಕೆ ಬರಲಿಲ್ಲವೆಂದು ಕಾಯುತ್ತಿದ್ದ.

ಆದರೆ ಈ ಜಾಣತನವೇ ಬೋರವ್ವನಿಗೆ ಉರುಳಾಯಿತು. ಶ್ರಾವಣ ಕಳೆದು ಸಂಘದ ಕಮಿಟಿ ಸೇರಿದಾಗ ಈರಪ್ಪನವರು ಎದ್ದು ನಿಂತು ಭಾಷಣ ಮಾಡಿದರು. ಬೋರವ್ವನ ಕಸಬರಿಗೆಗೆ ತಾಕೀತು ಮಾಡಿದಾಗಿನಿಂದ ಯಂತ್ರಕ್ಕೆ ಒಂದು ದಿನವೂ ಕೆಡುಕಾಗಿಲ್ಲ, ಇಂಜಿನಿಯರ್ ಹೇಳಿದ್ದು ಅಕ್ಷರಶಃ ನಿಜವಾಯಿತು, ಬೋರವ್ವನ ಕೈಗುಣ ಯಂತ್ರಕ್ಕೆ ಆಗಿಬರುವುದಿಲ್ಲ, ದೀಪಾವಳಿಯ ಪಾಡ್ಯದಿಂದ ಬೇರೆಯವರನ್ನು ಇಟ್ಟುಕೊಳ್ಳೋಣ ಎಂದರು. ಕಮಿಟಿ ಹೂಂ ಎಂದಿತು. ಚಹಾ ಹಂಚುತ್ತ ಅಲ್ಲೇ ಇದ್ದ ಬೋರವ್ವ ಸಾಹೇಬರ ಒಂಬತ್ತು ಗುಟುಕನ್ನೂ ಕೇಳಿಸಿಕೊಂಡಳು. ಯಂತ್ರ ಮರೆತರೆ ಕೆಲಸದಿಂದ ಹೋಗಬೇಕಿತ್ತು, ಮರೆಯದಿದ್ದರೂ ಹೋಗಬೇಕಾಯಿತು. ಕಳ್ಳತನದಲ್ಲಿ ಯಂತ್ರ ಎಬ್ಬಿಸಿದ್ದನ್ನು ಈಗ ಹೇಳಿದರೆ ಅಬೇದಾಳ ಕೆಲಸವೂ ಹೋಗುತ್ತಿತ್ತು. ಆ ದಿನ ಮನೆಗೆ ಹೋಗಿ ಒಲೆ ಮುಂದೆ ಕೂತು ಅತ್ತಳು. ಮುದಕಪ್ಪ ಕೆಂಪು ಕೈಯಿಂದ ಅವಳ ಬೆನ್ನು ಸವರಿ, ಆ ದಿನದ ಹತ್ತು ಮಾತಿನಲ್ಲಿ ಮೂರನ್ನು ಅವಳಿಗಾಗಿ ಖರ್ಚು ಮಾಡಿದ. ಸುಮ್ಮನ ಕುಂದರಬ್ಯಾಡ ನೀ ಎಂದ.

ಅವಳು ಸುಮ್ಮನೆ ಕೂರಲಿಲ್ಲ. ಮಾನೌಮಿಯ ಆಯುಧಪೂಜೆ, ಬನ್ನಿ, ಭಾನುವಾರ ಎಲ್ಲ ಸೇರಿ ಕಚೇರಿಗೆ ನಾಲ್ಕು ದಿನ ರಜೆ ಬಂದಿತ್ತು. ರಜೆಯ ಹಿಂದಿನ ಸಂಜೆ ಬೋರವ್ವ ಬಹಳ ವಿನಯದಿಂದ ಈರಪ್ಪನವರ ಮುಂದೆ ನಿಂತಳು. ತಾನು ತವರಿಗೆ ಹೋಗುತ್ತಿದ್ದೇನೆ, ತಾನಿಲ್ಲದಾಗ ಗಾಳಿಗೆ ಧೂಳು ಒಳಗೆ ಹೋದರೂ ಹೆಸರು ತನಗೇ ಬರುತ್ತದೆ, ಕೆಲಸ ಬಿಡುವ ಮುಂಚೆ ಅಷ್ಟೊಂದು ಕೆಟ್ಟ ಹೆಸರು ಬೇಡ, ಯಂತ್ರದ ಕೋಣೆಗೆ ಸಾಹೇಬರೇ ಕೀಲಿ ಹಾಕಬೇಕು ಎಂದು ಕೇಳಿಕೊಂಡಳು. ಈರಪ್ಪನವರಿಗೆ ಈ ಜವಾಬ್ದಾರಿ ಹಿಡಿಸಿತು. ಬಾಗಿಲ ಸಂದಿಗೆ ತಾವೇ ಒದ್ದೆ ಗೋಣಿ ತುರುಕಿದರು, ಕೀಲಿ ಹಾಕಿದರು, ಕೀಲಿಯ ಮೇಲೆ ಅರಗು ಸುರಿದು ಸಂಘದ ಮುದ್ರೆ ಒತ್ತಿದರು. ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡರು. ಬೋರವ್ವ ಎಲ್ಲರಿಗೂ ಕಾಣುವ ಹಾಗೆ ಬಾಗಲಕೋಟೆಯ ಬಸ್ಸು ಹತ್ತಿದಳು. ಬೇವೂರಿನಲ್ಲಿ ನಾಲ್ಕು ದಿನ ಮನಸ್ಸು ಇಳಕಲ್ಲಿನಲ್ಲೇ ಇತ್ತು. ಯಂತ್ರ ಎಲ್ಲಿ ಹಟಕ್ಕೆ ಬಿದ್ದು ಎಲ್ಲವನ್ನೂ ನೆನಪಿಟ್ಟುಕೊಂಡಿತೋ ಎಂದು ಅವಳಿಗೆ ಊಟವೂ ಸೇರಲಿಲ್ಲ.

ಐದನೇ ದಿನ ಈರಪ್ಪನವರೇ ಅರಗು ಒಡೆದು ಬಾಗಿಲು ತೆರೆದರು. ಅಬೇದಾ ಅವರ ಎದುರಿಗೆ ಯಂತ್ರ ಹಚ್ಚಿದಳು. ಕೀಂ ಎಂದಿತು. ಎಂಬತ್ತನೇ ಇಸವಿ, ಜನವರಿ ಒಂದು. ಅಬೇದಾ ಈ ಸಲ ಕೈ ಕಟ್ಟಿಕೊಂಡು, ತನಗೇನೂ ತಿಳಿಯದು ಎಂದು ನಿಂತಳು. ಟ್ರಂಕ್ ಕಾಲ್ ಹೋಯಿತು. ಮರುದಿನ ಸಂಗಯ್ಯ ಅತ್ತೆಯನ್ನು ಕರೆದುಕೊಂಡು ಬಂದಿಳಿದ, ಆಕೆಗೆ ಬನಶಂಕರಿಯ ದರ್ಶನವಾಗಬೇಕಿತ್ತು. ಜೀಪಿನಿಂದ ಇಳಿದವನು ಕೋಣೆಯೊಳಗೆ ಕಾಲಿಡುವ ಮುಂಚೆಯೇ ಬೋರವ್ವನ ಕೈಯಲ್ಲಿದ್ದ ಕಸಬರಿಗೆ ನೋಡಿದ.

"ಮತ್ತ ಒಳಗ ಕಸಾ ಹೊಡದಾರ ನೋಡ್ರಿ. ನಾ ಹೇಳಿದ್ದೆನಲ್ಲ" ಎಂದ.

ಈರಪ್ಪನವರ ಮುಖ ಕಪ್ಪಿಟ್ಟಿತು. ತಾವೇ ಸುರಿದ ಅರಗು, ತಾವೇ ತುರುಕಿದ ಗೋಣಿ, ನಾಲ್ಕು ದಿನ ಸ್ನಾನದಲ್ಲೂ ಬಿಚ್ಚದ ಕೀಲಿಕೈ. ಅವರು ನಿಧಾನವಾಗಿ ಪಂಚೆಯ ಮೇಲೆ ಸೊಂಟ ಮುಟ್ಟಿಕೊಂಡರು.

"ಕೀಲಿ ನನ್ನ ಉಡದಾರದಾಗಿತ್ತು. ಹಂಗಾರ ಕಸಾ ನಾ ಹೊಡದೇನೇನ್ರಿ, ಸಂಗಯ್ಯನವರ?"

ಸಂಗಯ್ಯ ತಡವರಿಸಿದ. ಧೂಳಲ್ಲದಿದ್ದರೆ ತೇವ ಇರಬಹುದು, ಕೋಣೆ ಮುಚ್ಚಿಟ್ಟಿದ್ದೇ ತಪ್ಪಾಗಿರಬಹುದು ಎಂದ. ಎರಡು ಕಾರಣವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎಲ್ಲರೂ ಹೊರಗೆ ನಡೆಯಿರಿ ಎಂದು ಬಾಗಿಲ ಕಡೆ ಕೈ ಮಾಡಿದ. ಬೋರವ್ವ ಕಸಬರಿಗೆಯನ್ನು 'ಬಾ, ನೀನೂ ನೋಡು' ಎನ್ನುವಂತೆ ಹೊಸ್ತಿಲ ಒಳಗಡೆ ಗೋಡೆಗೆ ಒರಗಿಸಿಟ್ಟಳು.

"ಬಾಗಲಾ ಹಾಕಬ್ಯಾಡ್ರಿ. ಈ ಸಲ ನಾ ಎಬ್ಬಸ್ತೇನಿ" ಎಂದಳು.

ಸಂಗಯ್ಯ ನಕ್ಕ. ಈರಪ್ಪನವರು ನಗಲಿಲ್ಲ, ತಲೆ ಆಡಿಸಿದರು. ಬೋರವ್ವ ಕುರ್ಚಿಯಲ್ಲಿ ಕೂತಳು, ಈಗ ಕುರ್ಚಿ ಅವಳು ಹೇಳಿದಂತೆ ತಿರುಗಿತು. ತಾರೀಖನ್ನು ಅಬೇದಾ ಹೇಳಿದಳು, ಅವಳು ತುಂಬಿದಳು. ಲಾಭ ಎಂದು ಶುರು ಮಾಡಿ ಹದಿನಾರಕ್ಕೆ ನಿಲ್ಲಿಸಿದಳು. ಕೀಬೋರ್ಡಿನ ತುದಿಯ ಮೇಲಿನ ಸಾಲಿನ ಹತ್ತನೇ ಬಟನ್ನು ಒತ್ತಿ ಕಾಯಂ ಮಾಡಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕಾದಳು. ಯಂತ್ರ ಎದ್ದಿತು. ಪಡಸಾಲೆಯಲ್ಲಿ ಕೂತಿದ್ದ ಸಂಗಯ್ಯನ ಅತ್ತೆ ಒಬ್ಬರೇ ಚಪ್ಪಾಳೆ ಹೊಡೆದರು, ಏನಾಯಿತೆಂದು ಅವರಿಗೂ ಗೊತ್ತಿರಲಿಲ್ಲ.

ಇದನ್ನು ಎಂದು ಕಲಿತೆ ಎಂದು ಈರಪ್ಪನವರು ಕೇಳಿದರು. ಬೋರವ್ವ ಒಂದನ್ನೂ ಮುಚ್ಚಿಡಲಿಲ್ಲ. ಯಂತ್ರ ಇಷ್ಟು ತಿಂಗಳು ಬಿಡದೆ ಮರೆತದ್ದು, ತಾನು ಇಪ್ಪತ್ತಮೂರು ಸಲ ಎಬ್ಬಿಸಿದ್ದು, ಅಬೇದಾ ತನ್ನ ಹೊಟ್ಟೆಗಾಗಿ ಬಾಯಿ ಮುಚ್ಚಿಕೊಂಡದ್ದು, ಎಲ್ಲ ಹೇಳಿದಳು. ಆಮೇಲೆ, ಸತ್ತ ಸೆಲ್ಲಿಗೆ ಇಂಜಿನಿಯರ್ ಬೇಡ, ಕಿರಾಣಿ ಅಂಗಡಿ ಸಾಕು, ಬೇಕಾದರೆ ಬಿಚ್ಚಿ ನೋಡಿರಿ ಎಂದಳು. ಮುದ್ರೆ ಹರಿದರೆ ಜವಾಬ್ದಾರಿ ತಮ್ಮದಲ್ಲ ಎಂದು ಸಂಗಯ್ಯ ಹೇಳುತ್ತಿರುವಾಗಲೇ ಈರಪ್ಪನವರು ಅಡಿಕೆ ಕತ್ತರಿಯಿಂದ ಮುದ್ರೆ ಹರಿದರು. ಕರಿ ಡಬ್ಬಿ ಹೊರಬಂತು. ನಾಲ್ಕು ಸೆಲ್ಲೂ ಉಬ್ಬಿ, ಬಾಯಲ್ಲಿ ಬಿಳಿ ನೊರೆ ಕಕ್ಕಿಕೊಂಡಿದ್ದವು. ಟಾರ್ಚು ಇಟ್ಟುಕೊಂಡ ಯಾವ ಮನುಷ್ಯನಿಗೂ ಅದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಸಂಗಯ್ಯ ಆ ಮಧ್ಯಾಹ್ನ ಅತ್ತೆಯನ್ನು ಸರ್ಕಾರಿ ಬಸ್ಸಿನಲ್ಲಿ ಬನಶಂಕರಿಗೆ ಕರೆದುಕೊಂಡು ಹೋದ.

ಈರಪ್ಪನವರಿಗೆ ತಪ್ಪಾಯಿತು ಎಂದು ಹೇಳಿ ರೂಢಿಯಿರಲಿಲ್ಲ. ಮೇಜಿನ ಮೇಲಿನ ಸೆಲ್ಲುಗಳನ್ನು ನೋಡುತ್ತ, ಕತ್ತು ಎತ್ತದೆ ಹೇಳಿದರು.

"ಬೋರವ್ವಾ, ಒಳಗ ಭಾಳ ಧೂಳ ಆಗೇತಿ. ಕಸಾ ಹೊಡಿ."

ಅವಳು ಹೊಡೆದಳು. ಎಲ್ಲರೂ ನಿಂತು ನೋಡುತ್ತಿರುವಾಗ ಮೂಲೆ ಮೂಲೆ ಹೊಡೆದಳು. ಕಚೇರಿಯಲ್ಲಿ ಅಷ್ಟು ದಿನ ಬಾರದ ಕಣ್ಣೀರು ಈಗ ಬಂತು, ಧೂಳು ಎಂದು ನೆವ ಹೇಳಿ ಒರೆಸಿಕೊಂಡಳು. ಹೊಸ ಸೆಲ್ಲು ಬಂದವು. ಇನ್ನು ಮುಂದೆ ತಿರುಪು ಬಿಚ್ಚುವ ರಗಳೆ ಬೇಡವೆಂದು ಈರಪ್ಪನವರು ಡಬ್ಬಿಯ ತಂತಿಯನ್ನು ಪೆಟ್ಟಿಗೆಯ ಹಿಂದಿನ ಸಂದಿಯಿಂದ ಹೊರಗೆ ಎಳೆಸಿ, ಡಬ್ಬಿಯನ್ನು ಗೋಡೆಯ ಮೊಳೆಗೆ ನೇತು ಹಾಕಿಸಿದರು. ಪಾಡ್ಯಕ್ಕೆ ಬೇರೆಯವರನ್ನು ಇಟ್ಟುಕೊಳ್ಳುವ ಮಾತನ್ನು ಯಾರೂ ಎತ್ತಲಿಲ್ಲ.

ಯಂತ್ರ ಮರೆಯುವುದನ್ನು ಬಿಟ್ಟಿತು. ಅಮಾವಾಸ್ಯೆಗಳು ಬಂದವು, ಹೋದವು. ಅದಕ್ಕೆ ಇಸವಿ ನೆನಪಿತ್ತು, ತಟ್ಟೆ ನೆನಪಿತ್ತು, ಸೀರೆಗಳ ಲೆಕ್ಕ ನೆನಪಿತ್ತು. ಬೋರವ್ವ ಒಳಗೆ ಹೋಗುವಳು, ಗುಡಿಸುವಳು, ಕುರ್ಚಿಯನ್ನು ಒರೆಸುವಳು, ಒರೆಸುತ್ತ ಒಂದು ಸಲ ತಿರುಗಿಸಿ ನೋಡಿ ಹೊರಗೆ ಬರುವಳು. ಕೂರು ಎನ್ನಲು ಯಾರಿಗೂ ಕಾರಣವಿರಲಿಲ್ಲ. ಹೆಸರು ಉಳಿಯಿತು, ಕೆಲಸ ಉಳಿಯಿತು, ಆದರೂ ಏನೋ ಕಳೆದುಕೊಂಡಂತೆ ಅವಳು ಮಂಕಾಗಿದ್ದಳು. ಅಬೇದಾಳಿಗೂ ಅದು ಗೊತ್ತಾಗುತ್ತಿತ್ತು.

ಸಂಕ್ರಾಂತಿ ಕಳೆದ ಒಂದು ಸೋಮವಾರ ಯಂತ್ರ ಇದ್ದಕ್ಕಿದ್ದಂತೆ ಕೀಂ ಎಂದಿತು. ಎಂಬತ್ತನೇ ಇಸವಿ, ಜನವರಿ ಒಂದು. ಈರಪ್ಪನವರು ಟ್ರಂಕ್ ಕಾಲ್ ಮಾತೆತ್ತಲಿಲ್ಲ, ಬೋರವ್ವನನ್ನು ಕರೆಯಿರಿ ಎಂದರು. ವಿಜಾಪುರದಿಂದ ತಪಾಸಣೆಗೆ ಬಂದಿದ್ದ ಅಧಿಕಾರಿಗಳ ಎದುರಿಗೇ, ನಮ್ಮ ಬೋರವ್ವ ಇದ್ದಾಳೆ, ಈಗ ಎಬ್ಬಿಸುತ್ತಾಳೆ ನೋಡಿರಿ ಎಂದು ಕುರ್ಚಿಯನ್ನು ತಾವೇ ಎಳೆದುಕೊಟ್ಟರು. ಬೋರವ್ವ ಎಲೆಯನ್ನು ಉಗುಳಿ ಬಂದು, ಸೆರಗು ಸರಿಮಾಡಿಕೊಂಡು, ದೊಡ್ಡ ಮನುಷ್ಯರ ನಡುವೆ ಸಾವಕಾಶವಾಗಿ ಕೂತಳು.

ಹೊಸ ಸೆಲ್ಲು ಮೂರೇ ತಿಂಗಳಿಗೆ ಯಾಕೆ ಸತ್ತವು ಎಂದು ಅಬೇದಾ ಯಂತ್ರದ ಹಿಂದೆ ಹೋಗಿ ಡಬ್ಬಿ ಬಿಚ್ಚಿ ನೋಡಿದಳು. ಸೆಲ್ಲುಗಳು ನೆಟ್ಟಗೇ ಇದ್ದವು. ಮೂರನೇ ಸೆಲ್ಲಿಗೂ ಅದರ ಸ್ಪ್ರಿಂಗಿಗೂ ನಡುವೆ, ಉಗುರಿನಷ್ಟು ಉದ್ದಕ್ಕೆ ಅಳತೆ ಮಾಡಿ ಮುರಿದ ಕಸಬರಿಗೆ ಕಡ್ಡಿಯೊಂದನ್ನು ಸಿಕ್ಕಿಸಲಾಗಿತ್ತು. ಅಬೇದಾ ಅದನ್ನು ಸದ್ದಿಲ್ಲದೆ ಕಿತ್ತು, ತನ್ನ ನೋಟ್‌ಬುಕ್ಕಿನ ಹಾಳೆಯ ನಡುವೆ ಇಟ್ಟುಕೊಂಡು, ಬೋರವ್ವನಿಗೆ ಆ ದಿನದ ತಾರೀಖು ಹೇಳಲು ಮುಂದೆ ಬಂದಳು.